ಗುಡ್ಡೆಯ ಮರ ಎಣಿಸ್ಲಿಕ್ಕೆ ಗಾಜಿನ ತುಂಡು ಸಾಕಾ? ಗೊತ್ತಿದ್ದವರು ಹೇಳಿ

ಗುಡ್ಡೆಮನೆ:
ಎಲ್ಲರಿಗೂ ನಮಸ್ಕಾರ. ನಾನಿರುದು ಮಂಗಳೂರಲ್ಲಿ, ಜಾಗ ಉಂಟು ಬಜಗೋಳಿ ಹತ್ರ. ಐದು ಎಕರೆ ಗುಡ್ಡೆಯಲ್ಲಿ ಅಪ್ಪ ಹಾಕಿದ ಅಕೇಶಿಯಾ, ಬೇಲಿ ಬದಿಗೆ ಸಾಗುವಾನಿ, ಕೆಳಗೆ ತೋಡಿನ ಹತ್ರ ನಾಲ್ಕಾರು ಹಳೇ ಹೆಬ್ಬಲಸು. ಮೊನ್ನೆ ಮರದ ವ್ಯಾಪಾರಿ ಒಬ್ರು ಬಂದ್ರು. ಗುಡ್ಡೆ ಹತ್ತಲೂ ಇಲ್ಲ, ಗೇಟಿನ ಹತ್ರವೇ ನಿಂತು ಒಂದು ಸಿಗರೇಟು ಮುಗಿಯುವುದರೊಳಗೆ "ಎಲ್ಲ ಒಟ್ಟಿಗೆ ಇಷ್ಟು ಕೊಡ್ತೇನೆ" ಅಂದ್ರು. ನಾನು ಹೂಂ ಅನ್ನಲಿಲ್ಲ.

ಅಕ್ಕನ ಮಗ ಪೊನ್ನಂಪೇಟೆಯಲ್ಲಿ ಫಾರೆಸ್ಟ್ರಿ ಓದಿದವ. ಹೋದ ಸಲ ಬಂದಾಗ ಒಂದು ಗಾಜಿನ ತುಂಡು ಬಿಟ್ಟು ಹೋಗಿದ್ದಾನೆ. ಬೆಂಕಿಪೆಟ್ಟಿಗೆಯಷ್ಟು ದೊಡ್ಡದು, ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು, ಅಂಚಿನಲ್ಲಿ 2 ಅಂತ ಕೊರೆದದ್ದುಂಟು. "ಮಾಮ, ಇದರಲ್ಲಿ ನೋಡ್ತಾ ನಿಂತಲ್ಲೇ ಒಂದು ಸುತ್ತು ತಿರುಗಿ, ಒಳಗೆ ಬಂದ ಮರ ಎಣಿಸಿ, ಎರಡರಿಂದ ಗುಣಿಸಿ, ಮುಗೀತು" ಅಂದ. ಈಗ ಅವ ಅಸ್ಸಾಮಿನ ಯಾವುದೋ ಕಾಡಿನಲ್ಲಿ, ಫೋನ್ ಸಿಗುದೇ ಇಲ್ಲ.

ಮರ ಮುಟ್ಟದೆ, ಟೇಪು ಹಿಡಿಯದೆ, ಬರೀ ತಿರುಗಿದ್ರೆ ಲೆಕ್ಕ ಬರ್ತದಾ? ಅವ ನನ್ನನ್ನು ತಮಾಷೆ ಮಾಡಿದ್ದಲ್ಲ ತಾನೆ?

ಸುಮ್ನೆ_ಓದುವವ:
ಆ ವ್ಯಾಪಾರಿಯೂ ಮರ ಮುಟ್ಟದೆಯೇ ಲೆಕ್ಕ ಹೇಳಿದ್ದು ಅಲ್ವಾ ಮಾರಾಯ್ರೆ 😄

ಹಳೇ_ಫಾರೆಸ್ಟರ್:
ತಮಾಷೆ ಅಲ್ಲ. ಅದು ವೆಜ್ ಪ್ರಿಸ್ಮ್. ಅದರ ಮೂಲಕ ಮರ ನೋಡಿದ್ರೆ ಕಾಂಡದ ಒಂದು ತುಂಡು ಪಕ್ಕಕ್ಕೆ ಜಾರಿದ ಹಾಗೆ ಕಾಣ್ತದೆ. ಗಾಜಿನ ಮೇಲಿನಿಂದ, ಕೆಳಗಿನಿಂದ ನಿಜವಾದ ಕಾಂಡ ಕಾಣ್ತದೆ. ಜಾರಿದ ತುಂಡು ನಿಜವಾದ ಕಾಂಡಕ್ಕೆ ಇನ್ನೂ ತಾಗಿಕೊಂಡಿದ್ರೆ ಆ ಮರ ಒಳಗೆ. ಪೂರ್ತಿ ಬಿಟ್ಟು ಹೋಗಿ ನಡುವೆ ಬೆಳಕು ಕಂಡ್ರೆ ಹೊರಗೆ. ಅಂಚಿಗೆ ಅಂಚು ಸರಿಯಾಗಿ ಕೂತ್ರೆ ಗಡಿ ಮರ, ಅದಕ್ಕೆ ಮಾತ್ರ ಟೇಪು ಹಿಡೀಬೇಕು.

ನೋಡುದು ಬುಡಕ್ಕಲ್ಲ, ಎದೆಮಟ್ಟಕ್ಕೆ. ನಮ್ಮ ದೇಶದಲ್ಲಿ ಎದೆಮಟ್ಟ ಅಂದ್ರೆ ನೆಲದಿಂದ 1.37 ಮೀಟರ್, ಹಳೇ ನಾಲ್ಕೂವರೆ ಅಡಿ. ಯುರೋಪಿನವರು 1.3 ಅಂತ ಹಿಡೀತಾರೆ. ಇಳಿಜಾರಿನಲ್ಲಿ ಮರದ ಮೇಲ್ಬದಿಯ ನೆಲದಿಂದ ಅಳೀಬೇಕು. ನಾವೆಲ್ಲ ಅಷ್ಟೇ ಉದ್ದದ ಬಿದಿರಿನ ಕೋಲು ಕಡಿದು ಇಟ್ಕೊಳ್ತಿದ್ದದ್ದು.

ಇನ್ನೊಂದು. ಪ್ರಿಸ್ಮನ್ನು ಗುರುತು ಮಾಡಿದ ಬಿಂದುವಿನ ನೇರ ಮೇಲೆ ಹಿಡಿದು, ನೀವು ಅದರ ಸುತ್ತ ತಿರುಗಬೇಕು. ನೀವು ನಿಂತಲ್ಲೇ ತಿರುಗಿ ಪ್ರಿಸ್ಮನ್ನು ಸುತ್ತಿಸುದಲ್ಲ. ಅಳಿಯ ಹೇಳಿದ್ರಲ್ಲಿ ಅದೊಂದು ತಪ್ಪು.

ಗುಡ್ಡೆಮನೆ:
@ಹಳೇ_ಫಾರೆಸ್ಟರ್ ಸರ್, ಹೇಗೆ ನೋಡುದು ಅಂತ ಗೊತ್ತಾಯ್ತು. ಆದ್ರೆ ಎಂತಕ್ಕೆ ಸರಿ ಬರ್ತದೆ ಅಂತ ಗೊತ್ತಾಗ್ಲಿಲ್ಲ. ಹತ್ತಿರದ ಸಣ್ಣ ಮರ ಒಳಗೆ, ದೂರದ ದೊಡ್ಡ ಮರವೂ ಒಳಗೆ. ಎರಡಕ್ಕೂ ಒಂದೇ ಲೆಕ್ಕವಾ? ಅನ್ಯಾಯ ಅಲ್ವಾ?

ಲೆಕ್ಕದ_ಮೇಷ್ಟ್ರು:
ಅಲ್ಲೇ ಇರುದು ಚಂದ. ಸುಲಭ ಆಗ್ಲಿಕ್ಕೆ 1 ಅಂತ ಬರೆದ ಪ್ರಿಸ್ಮ್ ತಗೊಳ್ಳಿ. ಅದರಲ್ಲಿ ಒಂದು ಮರ ಒಳಗೆ ಬರ್ಬೇಕಾದ್ರೆ ನಿಮ್ಮಿಂದ ಅದರ ದೂರ ಅದರ ವ್ಯಾಸದ 50 ಪಟ್ಟಿಗಿಂತ ಕಡಿಮೆ ಇರ್ಬೇಕು. 30 ಸೆಂ.ಮೀ. ವ್ಯಾಸದ ಮರ 15 ಮೀಟರಿನೊಳಗೆ ಇದ್ರೆ ಒಳಗೆ. ಅಂದ್ರೆ ಆ ಮರಕ್ಕೆ 15 ಮೀಟರ್ ತ್ರಿಜ್ಯದ ವೃತ್ತ, ವಿಸ್ತೀರ್ಣ ಸುಮಾರು 707 ಚದರ ಮೀಟರ್. ಎದೆಮಟ್ಟದಲ್ಲಿ ಅದೇ ಮರವನ್ನು ಅಡ್ಡ ಕೊಯ್ದ್ರೆ ಕಾಣುವ ಮುಖ 0.0707 ಚದರ ಮೀಟರ್. ಭಾಗಿಸಿ ನೋಡಿ, ಹತ್ತು ಸಾವಿರದಲ್ಲಿ ಒಂದು. ಹೆಕ್ಟೇರಿಗೆ ಎಷ್ಟು ಚದರ ಮೀಟರ್? ಹತ್ತು ಸಾವಿರ!

10 ಸೆಂ.ಮೀ. ಮರಕ್ಕೆ 5 ಮೀಟರಿನ ವೃತ್ತ, 60 ಸೆಂ.ಮೀ. ಮರಕ್ಕೆ 30 ಮೀಟರಿನ ವೃತ್ತ. ಅನುಪಾತ ಬದಲಾಗುದೇ ಇಲ್ಲ. ಹಾಗಾಗಿ ಒಳಗೆ ಬಂದ ಯಾವ ಮರವೇ ಆಗ್ಲಿ, ಹೆಕ್ಟೇರಿಗೆ 1 ಚದರ ಮೀಟರ್ ಕಾಂಡದ ಮುಖಕ್ಕೆ ಸಾಕ್ಷಿ. ಇದಕ್ಕೆ ಬೇಸಲ್ ಏರಿಯಾ ಅಂತ ಹೆಸರು. ನಿಮ್ಮದು 2ರ ಪ್ರಿಸ್ಮ್ ಆದ್ರೆ ಪಟ್ಟು 50 ಅಲ್ಲ, 35.36. ಒಂದೊಂದು ಮರಕ್ಕೆ 2 ಚದರ ಮೀಟರ್.

ಅನ್ಯಾಯ ಎಂತದ್ದೂ ಇಲ್ಲ. ದೊಡ್ಡ ಮರಕ್ಕೆ ದೂರದಿಂದಲೂ ಕೈ ಎತ್ತುವ ಅಧಿಕಾರ ಕೊಟ್ಟದ್ದು, ಅಷ್ಟೇ.

ಅಳತೆಪಟ್ಟಿ:
ಮೇಷ್ಟ್ರೆ, ಕ್ಲಾಸಿನಲ್ಲಿ ನಮಗೆ ಯಾರಾದ್ರೂ ಹೀಗೆ ಹೇಳಿದ್ದಿದ್ರೆ ಒಂದು ಸೆಮಿಸ್ಟರ್ ಉಳೀತಿತ್ತು 🙏

ಇದನ್ನು ಕಂಡುಹಿಡಿದವರು ಆಸ್ಟ್ರಿಯಾದ ಫಾರೆಸ್ಟರ್ ವಾಲ್ಟರ್ ಬಿಟರ್ಲಿಖ್. 1948ರಲ್ಲಿ ಅವರ ಪ್ರಬಂಧ ಬಂದಾಗ ಎಷ್ಟೋ ಜನಕ್ಕೆ ನಂಬಿಕೆಯೇ ಬರ್ಲಿಲ್ಲವಂತೆ. 1952ರಲ್ಲಿ ಗ್ರೋಸನ್‌ಬಾ ಎಂಬ ಫಾರೆಸ್ಟರ್ ಅಮೆರಿಕದವರಿಗೆ ಬಿಡಿಸಿ ಹೇಳಿದ ಮೇಲೆ ಅಲ್ಲಿಯೂ ಹಬ್ಬಿತು. ಗಾಜೇ ಬೇಕು ಅಂತಿಲ್ಲ. ಮದುವೆ ಕಾಗದದ ದಪ್ಪ ರಟ್ಟಿನಿಂದ ಸರಿಯಾಗಿ 2 ಸೆಂ.ಮೀ. ಅಗಲದ ಪಟ್ಟಿ ಕತ್ತರಿಸಿ, ಅದಕ್ಕೆ ಹಗ್ಗ ಕಟ್ಟಿ, ಕಣ್ಣಿನಿಂದ 50 ಸೆಂ.ಮೀ. ದೂರ ಹಿಡೀರಿ. ಪಟ್ಟಿಗಿಂತ ಅಗಲ ಕಾಣುವ ಮರ ಒಳಗೆ, ಪಟ್ಟಿಯ ಹಿಂದೆ ಅಡಗುವ ಮರ ಹೊರಗೆ. ಇದು 4ರ ಲೆಕ್ಕ. 1 ಸೆಂ.ಮೀ. ಪಟ್ಟಿ ಆದ್ರೆ 1ರ ಲೆಕ್ಕ. ರಟ್ಟಿನಲ್ಲಿ ಬಿಂದುವಿನ ಮೇಲೆ ಇರ್ಬೇಕಾದ್ದು ನಿಮ್ಮ ಕಣ್ಣು, ರಟ್ಟಲ್ಲ. ಪ್ರಿಸ್ಮಿಗೆ ಇದರ ಉಲ್ಟಾ.

ಕುಂದಾಪ್ರ_ಹೈದ:
ಹ್ವಾಯ್, ಅಷ್ಟೆಲ್ಲ ಎಂತಕ್ಕ್ ಮಾರ್ರೆ? ನಮ್ಮ್ ಬದಿಯಲ್ ಗಾಳಿಮರ ಕಡುಕ್ ಬಂದವ್ರ್ ಕಣ್ಣಂಗೇ ಅಳ್ತೆ ಹೇಳ್ತ್ರ್. ಆ ಅಳ್ತೆ ಯಾರ್ ಬದಿಗ್ ವಾಲ್ತ್ ಅಂದೇಳಿ ಮಾತ್ರ ಕೇಂಬುಕಾಗ 😂

ಕನ್ನಡಕದಂಗಡಿ:
ಹಂಪನಕಟ್ಟೆಯಲ್ಲಿ ಕನ್ನಡಕದ ಅಂಗಡಿ ಇಟ್ಕೊಂಡವ ನಾನು, ಮರದ ವಿಷಯ ಗೊತ್ತಿಲ್ಲ. ಆದ್ರೆ ಪ್ರಿಸ್ಮ್ ಅಂದ ಕೂಡ್ಲೆ ಸುಮ್ನೆ ಕೂರ್ಲಿಕ್ಕೆ ಆಗ್ಲಿಲ್ಲ. ಎರಡೆರಡು ಕಾಣುವವರಿಗೆ, ಮೆಳ್ಳೆಗಣ್ಣಿನವರಿಗೆ ನಾವು ಪ್ರಿಸ್ಮ್ ಹಾಕಿದ ಕನ್ನಡಕ ಮಾಡಿ ಕೊಡ್ತೇವೆ. ನಮ್ಮ ಅಳತೆ ಡಯಾಪ್ಟರ್: 1 ಡಯಾಪ್ಟರ್ ಅಂದ್ರೆ ಒಂದು ಮೀಟರಿನಲ್ಲಿ ಒಂದು ಸೆಂಟಿಮೀಟರ್ ಜಾರುದು.

ಈಗ ಮೇಷ್ಟ್ರ ಲೆಕ್ಕಕ್ಕೆ ಇದನ್ನು ಇಡಿ. 50ಕ್ಕೆ 1 ಅಂದ್ರೆ 100ಕ್ಕೆ 2, ಅಂದ್ರೆ 2 ಡಯಾಪ್ಟರ್. ಹಾಗಾದ್ರೆ ಗುಡ್ಡೆಮನೆಯವರ ಗಾಜಿನ ಮೇಲಿನ 2 ಯಾವುದು? 2 ಡಯಾಪ್ಟರ್ ಆದ್ರೆ ಅದು ಮರದವರ ಭಾಷೆಯಲ್ಲಿ 1. ಅಂಚಿನ ಅಂಕೆ ನಂಬಿ ಗುಣಿಸಿದ್ರೆ ಮರ ಎರಡು ಪಟ್ಟಾಗ್ತದೆ!

ಸುಮ್ನೆ_ಓದುವವ:
ಈಗ ಶುರುವಾಯ್ತು ಮಜಾ.

ಹಳೇ_ಫಾರೆಸ್ಟರ್:
ಫಾರೆಸ್ಟ್ರಿ ಕಾಲೇಜಿನಿಂದ ಬಂದದ್ದಾದ್ರೆ ಅದು ಫ್ಯಾಕ್ಟರೇ, ಅಂದ್ರೆ ಒಂದು ಮರಕ್ಕೆ ಹೆಕ್ಟೇರಿಗೆ ಎಷ್ಟು ಚದರ ಮೀಟರ್ ಅಂತ ಹೇಳುವ ಅಂಕೆಯೇ ಇರ್ಬೇಕು, ಡಯಾಪ್ಟರ್ ಅಲ್ಲ.

ಕನ್ನಡಕದಂಗಡಿ:
"ಇರ್ಬೇಕು" ಯಾಕೆ ಸರ್, ಮನೆಯಲ್ಲೇ ನೋಡ್ಬಹುದಲ್ಲ. ಎ4 ಹಾಳೆ 21 ಸೆಂ.ಮೀ. ಅಗಲ. ಗೋಡೆಗೆ ನೆಟ್ಟಗೆ ಅಂಟಿಸಿ. ಪ್ರಿಸ್ಮ್ ಹಿಡಿದು ಹಿಂದೆ ಹಿಂದೆ ಹೋಗಿ. ಜಾರಿದ ಹಾಳೆಯ ಅಂಚು ನಿಜವಾದ ಹಾಳೆಯ ಅಂಚಿಗೆ ಸರಿಯಾಗಿ ಕೂತಲ್ಲಿ ನಿಂತು, ಗೋಡೆಯಿಂದ ಗಾಜಿಗೆ ಟೇಪು ಹಿಡೀರಿ. 10.5 ಮೀಟರ್ ಬಂದ್ರೆ ನಾನು ಹೇಳಿದ 2 ಡಯಾಪ್ಟರ್. 7.4 ಮೀಟರಿನ ಆಸುಪಾಸು ಬಂದ್ರೆ ಫಾರೆಸ್ಟರ್ ಸರ್ ಹೇಳಿದ್ದು.

ಅಳತೆಪಟ್ಟಿ:
6.9 ಮೀಟರ್ ಬಂದ್ರೂ ಗಾಬರಿ ಆಗ್ಬೇಡಿ. ಅಮೆರಿಕದ 10ರ ಪ್ರಿಸ್ಮ್ ಅಷ್ಟಕ್ಕೆ ಕೂರ್ತದೆ. ಅವರದ್ದು ಎಕರೆಗೆ ಚದರ ಅಡಿ ಲೆಕ್ಕ, ನಮ್ಮದಕ್ಕೆ ತಂದ್ರೆ ಸುಮಾರು 2.3. ಆ ಪ್ರಿಸ್ಮಿನಲ್ಲಿ ಎಣಿಸಿ 2ರಿಂದ ಗುಣಿಸಿದವರು ಎಷ್ಟು ಜನ ಇದ್ದಾರೋ.

ಗುಡ್ಡೆಮನೆ:
ಮನೆಯ ಉದ್ದದ ಚಾವಡಿಯಲ್ಲಿ ಮಾಡಿ ನೋಡಿದೆ. ಹೆಂಡತಿ ಟೇಪು ಹಿಡಿದಳು, "ಮರ ಉಂಟು ಗುಡ್ಡೆಯಲ್ಲಿ, ನೀವು ಗೋಡೆ ಅಳೀತಿದ್ದೀರಿ" ಅಂತ ಬೈದಳು ಕೂಡ. 7 ಮೀಟರ್ 40 ಸೆಂಟಿಮೀಟರ್ ಚಿಲ್ಲರೆ. ಅಂಚಿನಲ್ಲಿ ಸ್ವಲ್ಪ ಬಣ್ಣ ಬಣ್ಣ ಕಂಡಿತು, ಅದು ಸರಿಯಾ?

ಕನ್ನಡಕದಂಗಡಿ:
ಬಣ್ಣ ಕಾಣುದು ಸಹಜ, ಗಾಜು ಬೆಳಕನ್ನು ಒಡೀತದೆ. ಹಾಗಾದ್ರೆ ನಿಮ್ಮದು ನಿಜವಾದ 2ರ ಫ್ಯಾಕ್ಟರ್. ಫಾರೆಸ್ಟರ್ ಸರ್ ಗೆದ್ರು.

ಆ್ಯಪ್_ಅಣ್ಣ:
ಇದೆಲ್ಲ ಹಳೇ ಕಾಲದ್ದು. ಈಗ ಫೋನಿನಲ್ಲೇ ಲೇಸರ್ ಬೆಳಕಿನಿಂದ ದೂರ ಅಳೆಯುವ ಲೈಡಾರ್ ಉಂಟು. ಮರದ ಎದುರು ಹಿಡಿದ್ರೆ ವ್ಯಾಸ ಬಂತು. 2026ರಲ್ಲಿ ಗಾಜಿನ ತುಂಡು ಹಿಡ್ಕೊಂಡು ತಿರುಗುದಾ?

ಅಳತೆಪಟ್ಟಿ:
@ಆ್ಯಪ್_ಅಣ್ಣ ಫೋನಿನ ಲೈಡಾರ್ ಸುಮಾರು 5 ಮೀಟರಿನವರೆಗೆ. ಅಂದ್ರೆ ಪ್ರತಿ ಮರದ ಹತ್ರ ಹೋಗ್ಲೇ ಬೇಕು. ಹತ್ರ ಹೋದ ಮೇಲೆ ಟೇಪು ಸುತ್ತಿದ್ರೆ ಆಯ್ತಲ್ಲ, ಟೇಪಿಗೆ ಚಾರ್ಜು ಬೇಡ. ಫೋನಿನ ಕೋನ ಅಳೆಯುವ ಆ್ಯಪ್ ಮಾತ್ರ ಎತ್ತರಕ್ಕೆ ಒಳ್ಳೇದೇ, ಅದನ್ನು ನಾನೂ ಬಳಸ್ತೇನೆ.

ಆ್ಯಪ್_ಅಣ್ಣ:
ಅಕ್ಕ, ಒಪ್ಪಿಕೊಂಡ್ರಲ್ಲ, ಅಷ್ಟು ಸಾಕು.

ಪುತ್ತೂರು_ರಬ್ಬರ್:
ಎತ್ತರ ಬಿಡಿ, ನಮಗೆ ರಬ್ಬರಿನವರಿಗೆ ಸುತ್ತಳತೆಯೇ ದೇವರು. ಕಸಿ ಕಟ್ಟಿದ ಗಿಡ, ಕಸಿಯ ಜಾಗದಿಂದ 125 ಸೆಂ.ಮೀ. ಮೇಲೆ 50 ಸೆಂ.ಮೀ. ಸುತ್ತು ಬಂದ್ರೆ ಟ್ಯಾಪಿಂಗಿಗೆ ಆಯ್ತು. ಅಷ್ಟುದ್ದದ ಹಗ್ಗ ಹಿಡ್ಕೊಂಡು ತೋಟ ಸುತ್ತಿದ್ರೆ ಮುಗೀತು. ನಿಮ್ಮ ಪ್ರಿಸ್ಮಿಗೆ ಇಲ್ಲಿ ಕೆಲಸ ಇಲ್ಲ.

ಹಳೇ_ಫಾರೆಸ್ಟರ್:
ಹೌದು, ಸಾಲು ತೋಟಕ್ಕೆ, ಒಂದೊಂದೇ ಮರದ ತೀರ್ಮಾನಕ್ಕೆ ಪ್ರಿಸ್ಮ್ ಅಲ್ಲ. ಇದು ಇಡೀ ಕಾಡಿನ ಸರಾಸರಿ ಹೇಳ್ತದೆ, ಯಾವ ಮರ ಎಷ್ಟು ಅಂತ ಹೇಳುದಿಲ್ಲ. ಹಾಗಾಗಿ ಗುಡ್ಡೆಮನೆಯವರೆ, ಬೇಲಿಯ ಸಾಗುವಾನಿಗೆ, ಹೆಬ್ಬಲಸಿಗೆ ಟೇಪು ಹಿಡೀರಿ, ಒಂದೊಂದೇ. ಹೆಬ್ಬಲಸಿನ ಬುಡ ಉಬ್ಬಿದ್ರೆ ಉಬ್ಬು ಮುಗಿದ ಮೇಲೆ ಅಳೀರಿ. ಅಕೇಶಿಯಾಕ್ಕೆ ಮಾತ್ರ ಗಾಜು.

ಅಕೇಶಿಯಾದಲ್ಲೂ ನೆನಪಿಡಿ, 1.37ಕ್ಕಿಂತ ಕೆಳಗೆ ಕವಲು ಒಡೆದದ್ದು ಎರಡು ಮರ, ಎರಡನ್ನೂ ಬೇರೆ ಬೇರೆ ನೋಡ್ಬೇಕು. ವಾಲಿದ ಮರಕ್ಕೆ ಪ್ರಿಸ್ಮನ್ನೂ ಅಷ್ಟೇ ವಾಲಿಸಿ.

ಹಳೇ ಕಥೆ ಒಂದು. 1864ರಲ್ಲಿ ಭಾರತದ ಮೊದಲ ಇನ್‌ಸ್ಪೆಕ್ಟರ್ ಜನರಲ್ ಆಫ್ ಫಾರೆಸ್ಟ್ಸ್ ಆದ ಡೀಟ್ರಿಕ್ ಬ್ರಾಂಡಿಸ್, ಅದಕ್ಕೂ ಮೊದಲು ಬರ್ಮಾದ ಪೆಗುವಿನಲ್ಲಿ ಆನೆ ಮೇಲೆ ಕೂತು ತೇಗ ಎಣಿಸ್ತಿದ್ರು. ಕೈಯಲ್ಲಿ ಬಿದಿರಿನ ತುಂಡುಗಳು, ಒಂದೊಂದು ಗಾತ್ರಕ್ಕೆ ಒಂದೊಂದು. ಮರ ಕಂಡ ಹಾಗೆ ಚಾಕುವಿನಲ್ಲಿ ಗೀರು ಹಾಕ್ತಾ ಹೋಗುದು. ಕಾಗದ ಮಳೆಗೆ ನಿಲ್ತಿರ್ಲಿಲ್ಲ.

ಕುಂದಾಪ್ರ_ಹೈದ:
ಗುಡ್ಡೆಮನೆಯವ್ರೆ, ಮೊದ್ಲ್ ಒಂದ್ ಆನೆ ತಕಣಿ.

ಬಲ್ಲೆಯೊಳಗೆ:
ಪ್ರಿಸ್ಮನ್ನು ಹೊಗಳುವವರಿಗೆ ಒಂದು ಮಾತು. ಸೋಮೇಶ್ವರದ ಬದಿಯ ಕಾಡಿಗೆ ಹೋಗಿ ಹಿಡಿದು ನೋಡಿ. ಬಲ್ಲೆ, ಬೆತ್ತ, ಬಳ್ಳಿ, ಹತ್ತು ಮೀಟರಿನಾಚೆ ಎಂತದ್ದೂ ಕಾಣುದಿಲ್ಲ. ಒಂದು ಮರದ ಹಿಂದೆ ಇನ್ನೊಂದು ಅಡಗಿರ್ತದೆ. ಮಳೆಗಾಲದಲ್ಲಿ ಗಾಜಿಗೆ ಮಂಜು ಕೂತು ಒರೆಸಿ ಒರೆಸಿ ಸಾಕಾಗ್ತದೆ. ಮತ್ತೆ ಸಣ್ಣ ಸಸಿಗಳು? ಅವು ಪ್ರಿಸ್ಮಿಗೆ ಲೆಕ್ಕಕ್ಕೇ ಇಲ್ಲ. ನಾಗಬನದ ಸಮೀಕ್ಷೆಗೆ ಹೋದಾಗ ನಮಗೆ ಬೇಕಾಗಿದ್ದದ್ದೇ ಸಸಿ, ಬನದಲ್ಲಿ ಹೊಸ ಕಿರಾಲ್‌ಬೋಗಿ ಮರ ಹುಟ್ತಾ ಉಂಟಾ ಇಲ್ವಾ ಅಂತ. ಹಗ್ಗ ಕಟ್ಟಿ ಚೌಕ ಹಾಕಿ ಎಣಿಸಿದ್ದು.

ಹಳೇ_ಫಾರೆಸ್ಟರ್:
ಒಪ್ಪಿದೆ. ಫಾರೆಸ್ಟ್ ಸರ್ವೆ ಆಫ್ ಇಂಡಿಯಾದವರೂ ವರ್ಷಗಟ್ಟಲೆ 0.1 ಹೆಕ್ಟೇರಿನ ಚೌಕವನ್ನೇ ಬಳಸಿದ್ದು, ಬದಿ 31.62 ಮೀಟರ್. ಯಾವ ಜಾತಿ, ಎಷ್ಟು ಸಸಿ ಅಂತ ಬೇಕಾದ್ರೆ ಚೌಕವೇ ಸೈ. ದಟ್ಟ ಕಾಡಿನಲ್ಲೂ ಪ್ರಿಸ್ಮೇ ಬೇಕು ಅಂದ್ರೆ 4ರದ್ದು ತಗೊಳ್ಬೇಕು. ಮರದ ವ್ಯಾಸದ 25 ಪಟ್ಟು ದೂರಕ್ಕೇ ನಿಲ್ತದೆ, ದೂರದ ಮರಕ್ಕೆ ಕುತ್ತಿಗೆ ಉದ್ದ ಮಾಡ್ಬೇಕಾಗಿಲ್ಲ.

ಗುಡ್ಡೆಮನೆ:
ನನ್ನ ಗುಡ್ಡೆ ಒಳ್ಳೇ ಇಳಿಜಾರು. ಅದಕ್ಕೆಂತ ಮಾಡುದು?

ಅಳತೆಪಟ್ಟಿ:
ಸರಿ ಮಾಡದಿದ್ರೆ ಲೆಕ್ಕ ಕಡಿಮೆ ಬರ್ತದೆ. 20 ಡಿಗ್ರಿ ಇಳಿಜಾರಿಗೆ ಸುಮಾರು 6% ಕಡಿಮೆ, 30 ಡಿಗ್ರಿಗೆ 13% ಹತ್ರ. ಮರದ ಕಡೆ ನೋಡುವ ದಾರಿ ಎಷ್ಟು ಡಿಗ್ರಿ ಇಳಿಜಾರೋ, ಪ್ರಿಸ್ಮನ್ನು ಮುಖ ನಿಮ್ಮ ಕಡೆಗೇ ಇಟ್ಟು ಅಷ್ಟೇ ಡಿಗ್ರಿ ಬದಿಗೆ ತಿರುಗಿಸಿ ನೋಡಿ. ಬಿಟರ್ಲಿಖ್ ಆಮೇಲೆ ಮಾಡಿದ ರೆಲಾಸ್ಕೋಪ್ ಎಂಬ ಉಪಕರಣದಲ್ಲಿ ಇದು ತನ್ನಷ್ಟಕ್ಕೆ ಆಗ್ತದೆ, ಆದ್ರೆ ಅದರ ಬೆಲೆ ಕೇಳಿದ್ರೆ ಅಕೇಶಿಯಾ ಮಾರಿದ ದುಡ್ಡು ಅದಕ್ಕೇ ಹೋದೀತು.

ಗಡಿಯ ಹತ್ರ ನಿಂತಾಗ ಇನ್ನೊಂದು ಉಪಾಯ. ಒಳಗೆ ಬಂದ ಮರದವರೆಗೆ ನಡೆದು, ಅಷ್ಟೇ ದೂರ ಅದೇ ನೇರಕ್ಕೆ ಮುಂದೆ ಹೋಗಿ. ನೀವು ಬೇಲಿ ಆಚೆ ಮುಟ್ಟಿದ್ರೆ ಆ ಮರವನ್ನು ಎರಡು ಸಲ ಎಣಿಸಿ. ಇಲ್ಲದಿದ್ರೆ ಅಂಚಿನ ಮರಗಳಿಗೆ ಮೋಸ ಆಗ್ತದೆ. ನಿಲ್ಲುವ ಬಿಂದುಗಳನ್ನು ಮೊದಲೇ ನಕ್ಷೆಯಲ್ಲಿ ಗೆರೆ ಎಳೆದು ಇಡಿ. ಮರ ಚೆಂದ ಕಂಡಲ್ಲಿ ನಿಲ್ಲುದಲ್ಲ.

ಲೆಕ್ಕದ_ಮೇಷ್ಟ್ರು:
ಎತ್ತರಕ್ಕೆ ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ಸಾಕು. ದಾರಕ್ಕೆ ನಟ್ಟು ಕಟ್ಟಿ ಇಳಿಬಿಡಿ, ಅಂಚಿನಿಂದ ಮರದ ತುದಿ ನೋಡಿ. 45 ಡಿಗ್ರಿ ಬರುವಲ್ಲಿ ನಿಂತ್ರೆ ಮರದ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಸೇರಿಸಿ, ಅದೇ ಮರದ ಎತ್ತರ. ಇದು ಸಮ ನೆಲಕ್ಕೆ.

ಬೈಲಿನಲ್ಲಾದ್ರೆ ಇನ್ನೊಂದುಂಟು. ಹರಿವಾಣದಲ್ಲಿ ನೀರು ಹಾಕಿ ನೆಲದ ಮೇಲಿಡಿ, ಅದರಲ್ಲಿ ಮರದ ತುದಿ ಕಾಣುವವರೆಗೆ ಹಿಂದೆ ಹೋಗಿ. ಬುಡದಿಂದ ಹರಿವಾಣಕ್ಕೆ 20 ಮೀಟರ್, ಹರಿವಾಣದಿಂದ ನಿಮಗೆ 2 ಮೀಟರ್, ಕಣ್ಣಿನ ಎತ್ತರ 1.5 ಮೀಟರ್ ಆದ್ರೆ ಮರ 15 ಮೀಟರ್. ಶಾಲೆಯ ತೆಂಗಿನ ಮರಕ್ಕೆ ನಾನು ಮಕ್ಕಳ ಹತ್ರ ಇದನ್ನೇ ಮಾಡಿಸುದು. ಗಾಳಿ ಬಂದ್ರೆ ನೀರು ಅಲ್ಲಾಡ್ತದೆ, ಮಕ್ಕಳು ಕೂಗಾಡ್ತಾರೆ, ಆದ್ರೂ ಉತ್ತರ ಬರ್ತದೆ.

ಹಳೇ_ಫಾರೆಸ್ಟರ್:
ಗುಡ್ಡೆಯಲ್ಲಿ ಹರಿವಾಣ ಆಗುದಿಲ್ಲ ಮೇಷ್ಟ್ರೆ. ಅಲ್ಲಿ ತುದಿಗೊಂದು ಕೋನ, ಬುಡಕ್ಕೊಂದು ಕೋನ ತೆಗೀಬೇಕು. ಬುಡ ಕಣ್ಣಿಗಿಂತ ಕೆಳಗಿದ್ರೆ ಎರಡನ್ನೂ ಕೂಡಿಸುದು, ಮೇಲಿದ್ರೆ ಕಳೆಯುದು. ಹರಡಿದ ಕೊಂಬೆಯ ಅಂಚನ್ನು ತುದಿ ಅಂತ ಹಿಡಿದ್ರೆ ಎತ್ತರ ಜಾಸ್ತಿ ಬರ್ತದೆ. ಹಲಸು, ಮಾವಿನಲ್ಲಿ ಹೊಸಬರು ಬೀಳುದು ಇಲ್ಲೇ.

ಗುಡ್ಡೆಮನೆ:
ಮಳೆ ಬಿಟ್ಟದ್ದು ನೋಡಿ ಗುಡ್ಡೆ ಹತ್ತಿದೆ. ನಕ್ಷೆಯಲ್ಲಿ ಹಾಕಿದ ಬಿಂದುಗಳೆಲ್ಲ ಮುಗೀತು. ಅಕೇಶಿಯಾದಲ್ಲಿ ಒಂದೊಂದು ಕಡೆ 6, ಒಂದೊಂದು ಕಡೆ 11, ಸರಾಸರಿ 8.5. ಎತ್ತರ ಸರಾಸರಿ 15 ಮೀಟರ್. ಮುಂದೆ?

ಲೆಕ್ಕದ_ಮೇಷ್ಟ್ರು:
8.5 × 2 = ಹೆಕ್ಟೇರಿಗೆ 17 ಚದರ ಮೀಟರ್. ಎತ್ತರದಿಂದ ಗುಣಿಸಿ, ಕಾಂಡ ಮೇಲೆ ಹೋದ ಹಾಗೆ ಸಪೂರ ಆಗುದಕ್ಕೆ ಫಾರ್ಮ್ ಫ್ಯಾಕ್ಟರ್ ಅಂತ 0.45 ಹಿಡಿದ್ರೆ 17 × 15 × 0.45, ಸುಮಾರು 115 ಘನ ಮೀಟರ್ ಹೆಕ್ಟೇರಿಗೆ. ಐದು ಎಕರೆ ಅಂದ್ರೆ 2 ಹೆಕ್ಟೇರಿಗೆ ಒಂದು ಕೂದಲು ಜಾಸ್ತಿ. 0.45 ನಾನು ಹಿಡಿದದ್ದು, ನಿಮ್ಮ ಮರ ಡೊಂಕು, ಕವಲು ಜಾಸ್ತಿ ಇದ್ರೆ ಕಡಿಮೆ ಮಾಡಿ.

ಮಿಲ್ಲಿನವ:
ಇಷ್ಟೊತ್ತು ಓದ್ತಾ ಕೂತಿದ್ದೆ, ಈಗ ಮಾತಾಡ್ತೇನೆ. ನಿಮ್ಮ 115 ಹಿಡ್ಕೊಂಡು ವ್ಯಾಪಾರಿಯ ಹತ್ರ ಜಗಳಕ್ಕೆ ಹೋಗ್ಬೇಡಿ. ನಮ್ಮ ವ್ಯವಹಾರದಲ್ಲಿ ನಾಟದ ಲೆಕ್ಕ ಕ್ವಾರ್ಟರ್ ಗರ್ತ್: ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸುದು. 4 ಅಡಿ ಸುತ್ತು, 10 ಅಡಿ ಉದ್ದದ ದಿಮ್ಮಿಗೆ ನಾವು 10 ಘನ ಅಡಿ ಬರೀತೇವೆ. ಮೇಷ್ಟ್ರು ಬರೆದ್ರೆ 12.73 ಬರ್ತದೆ.

ಲೆಕ್ಕದ_ಮೇಷ್ಟ್ರು:
ಅಂದ್ರೆ ನೂರರಲ್ಲಿ 21.5 ನುಂಗಿದ ಹಾಗೆ! ಇದನ್ನು ಹಾಡಹಗಲೇ ಹೇಳ್ತೀರಲ್ಲ!

ಮಿಲ್ಲಿನವ:
ನುಂಗುದಲ್ಲ ಮೇಷ್ಟ್ರೆ. ದುಂಡು ಮರವನ್ನು ಚೌಕ ಕೊಯ್ಯುವಾಗ ಬದಿಯ ಪಟ್ಟೆ ಹೋಗ್ತದೆ, ಗರಗಸದ ಹೊಟ್ಟು ಹೋಗ್ತದೆ. ಅದನ್ನು ಮೊದಲೇ ಕಳೆದ ಲೆಕ್ಕ ಅದು, ಬ್ರಿಟಿಷರ ಕಾಲದ್ದು. ಘನ ಅಡಿಯ ರೇಟೂ ಅದಕ್ಕೆ ಸರಿಯಾಗಿಯೇ ಇರ್ತದೆ. ಕೊಡುವವ, ತಗೊಳ್ಳುವವ ಇಬ್ಬರೂ ಒಂದೇ ಲೆಕ್ಕದಲ್ಲಿದ್ರೆ ಮೋಸ ಎಲ್ಲಿ? ಮೋಸ ಬೇರೆ ಕಡೆ ಉಂಟು, ಅದನ್ನು ನೋಡಿ. ಸುತ್ತಳತೆ ದಿಮ್ಮಿಯ ನಡುವಿನಲ್ಲಿ ಹಿಡೀಬೇಕು. ತುದಿಯಲ್ಲಿ ಹಿಡಿದ್ರೆ ಹೋಯ್ತು ನಿಮ್ಮದು. ಟೇಪು ಎಳೆಯುವವನ ಕೈ ನೋಡ್ತಾ ಇರಿ, ಬಾಯಿ ಅಲ್ಲ.

ಹೆಚ್ಚಾಗಿ ಅಕೇಶಿಯಾ ಟನ್ನಿನ ಲೆಕ್ಕದಲ್ಲೇ ಹೋಗುದು. ತೂಕದ ಕಾಂಟಾಕ್ಕೆ ನೀವೇ ಲಾರಿಯ ಒಟ್ಟಿಗೆ ಹೋಗಿ, ಖಾಲಿ ಲಾರಿ ತೂಗುವಾಗಲೂ ನಿಂತ್ಕೊಳ್ಳಿ.

ಅಳತೆಪಟ್ಟಿ:
ಮಿಲ್ಲಿನವರು ಹೇಳಿದ್ದು ಸರಿ, ಆದ್ರೆ ಗುಡ್ಡೆಮನೆಯವರ ಮರ ಇನ್ನೂ ನಿಂತಿದೆ. ನಿಂತ ಮರಕ್ಕೆ "ಒಟ್ಟಿಗೆ ಇಷ್ಟು" ಅಂದಾಗ ಎದುರು ಇಡ್ಲಿಕ್ಕೆ ಒಂದು ಅಂದಾಜು ಬೇಕಲ್ಲ. 115ನ್ನು ಕ್ವಾರ್ಟರ್ ಗರ್ತಿಗೆ ತಂದ್ರೆ ಹೆಕ್ಟೇರಿಗೆ 90. ಹತ್ತಿಪ್ಪತ್ತು ಹೆಚ್ಚು ಕಡಿಮೆ ಅಂತ ಇಟ್ಕೊಂಡೇ ಮಾತಾಡಿ. ಆ ಗೇಟಿನ ಹತ್ರದ ಮಾತು ಇದರ ಅರ್ಧಕ್ಕೂ ಬರುದಿಲ್ಲ ಅಂತಾದ್ರೆ ಟನ್ನಿನ ಲೆಕ್ಕಕ್ಕೆ ಪಟ್ಟು ಹಿಡೀರಿ.

ಬಲ್ಲೆಯೊಳಗೆ:
ಅದಕ್ಕೂ ಮೊದಲು ಕೇಳ್ಬೇಕಾದ್ದು: ಎಲ್ಲ ನಿಮ್ಮ ಹೆಸರಿನ ವರ್ಗ ಜಾಗದಲ್ಲೇ ಉಂಟಾ, ಕೆಲವು ಅದಕ್ಕೆ ತಾಗಿದ ಕುಮ್ಕಿಯಲ್ಲಾ? ಕುಮ್ಕಿ ಸರ್ಕಾರದ್ದು, ಅಲ್ಲಿಯ ಮರಕ್ಕೆ ಕೈ ಹಾಕಿದ್ರೆ ಲೆಕ್ಕ ಬೇರೆಯೇ ಆಗ್ತದೆ. ವರ್ಗದಲ್ಲೂ 1976ರ ಮರ ಸಂರಕ್ಷಣಾ ಕಾಯ್ದೆ ಉಂಟು. ಕೆಲವು ಜಾತಿಗೆ ವಿನಾಯಿತಿ, ಸಾಗುವಾನಿಗೆ ಅನುಮತಿ ಬೇಕೇ ಬೇಕು. ವ್ಯಾಪಾರಿ "ಅದೆಲ್ಲ ನಾನು ನೋಡ್ಕೊಳ್ತೇನೆ" ಅಂದ್ರೆ ಕಾಗದ ಕಣ್ಣಲ್ಲಿ ನೋಡುವವರೆಗೆ ಗರಗಸ ಒಳಗೆ ಬಿಡ್ಬೇಡಿ.

ಗುಡ್ಡೆಮನೆ:
ತೋಡಿನ ಬದಿಯದ್ದು ಕುಮ್ಕಿಯೇ ಇರ್ಬೇಕು. ಹೆಬ್ಬಲಸು ಅಲ್ಲೇ ಬರುದು. ಗ್ರಾಮಲೆಕ್ಕಿಗರ ಹತ್ರ ನಕ್ಷೆ ಕೇಳ್ತೇನೆ. ವ್ಯಾಪಾರಿಗೆ ಫೋನ್ ಮಾಡಿ "ಟನ್ನಿಗೆ ರೇಟು ಹೇಳಿ" ಅಂದೆ, ಸ್ವಲ್ಪ ಹೊತ್ತು ಮಾತೇ ಬರ್ಲಿಲ್ಲ. ಬರುವ ವಾರ ಬರ್ತಾರಂತೆ, ಈ ಸಲ ಗುಡ್ಡೆ ಹತ್ತುತ್ತಾರಂತೆ.

ಮಿಲ್ಲಿನವ:
ಹೆಬ್ಬಲಸು ಯಾವಾಗಾದ್ರೂ ಕೊಡುದಾದ್ರೆ ನನಗೆ ಹೇಳಿ. ಬಾಗಿಲಿಗೆ ಕೇಳ್ತಾನೇ ಇರ್ತಾರೆ.

ಗುಡ್ಡೆಮನೆ:
ಇಲ್ಲ, ಅದನ್ನು ಮುಟ್ಟುದಿಲ್ಲ.

ಲೆಕ್ಕದ_ಮೇಷ್ಟ್ರು:
ಆ ಪ್ರಿಸ್ಮನ್ನು ಒಂದು ದಿನಕ್ಕೆ ಕೊಡ್ತೀರಾ? ಒಂಬತ್ತನೇ ಕ್ಲಾಸಿನವರಿಗೆ ತೋರಿಸ್ಬೇಕು. ಮಕ್ಕಳನ್ನೇ ಕರ್ಕೊಂಡು ಬಂದ್ರೆ ತೊಂದರೆ ಇಲ್ಲ ತಾನೆ?

ಗುಡ್ಡೆಮನೆ:
ಬನ್ನಿ ಮೇಷ್ಟ್ರೆ, ಭಾನುವಾರ ನಾನು ಅಲ್ಲೇ ಇರ್ತೇನೆ. ಮಕ್ಕಳಿಗೆ ಗಂಬೂಟು ಹಾಕಿಸಿ, ತೋಡಿನ ಬದಿ ಉಂಬಳ ಉಂಟು. ಹರಿವಾಣ ನೀವೇ ತನ್ನಿ, ಮನೆಯದ್ದು ಹೆಂಡತಿ ಕೊಡುದಿಲ್ಲ.